ಕೆಂಪು ಅರಗಿನ ಕೆಳಗೆ

ಎರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತುಂಡನ್ನು 0.6 ಮಿಲಿಮೀಟರ್‌ಗೆ ಇಳಿಸಿ, ಅದರಲ್ಲಿ ಸಾಲುಸಾಲಾಗಿ ಸೀಳು ಕೊರೆದು ಜಾಲರಿ ಮಾಡಿಕೊಡಲು ಆಗುತ್ತದೆಯೇ ಎಂದು ಗಿರಾಕಿ ಕಂಪನಿಯ ಗುಣಮಟ್ಟದ ಅಧಿಕಾರಿ ಕೇಳಿದರು. ನಮ್ಮ ಯಜಮಾನರು ನನ್ನ ಕಡೆ ನೋಡಿದರು. ‘ಆಗುತ್ತೆ ಸರ್’ ಎಂದೆ. ಸಭೆಗಳಲ್ಲಿ ನಾನು ಬಾಯಿ ಬಿಡುವುದೇ ಅಪರೂಪ. ಅಂದು ಬಿಟ್ಟದ್ದಕ್ಕೆ ಕಾರಣ ಯಜಮಾನರ ಕುರ್ಚಿಯ ಹಿಂದಿದ್ದ ಕಬ್ಬಿಣದ ಬೀರುವಿನಲ್ಲಿತ್ತು.

ರಾಮನಗರದ ಹೊರಗಿನ ಆ ಚಿಕ್ಕ ಮಷೀನ್ ಶಾಪಿಗೆ ಸೇರುವಾಗ ಎರಡು ವರ್ಷ ಬಿಟ್ಟು ಹೋಗುವುದಿಲ್ಲವೆಂದು ಬರೆದುಕೊಟ್ಟು, ಎಸ್ಸೆಸ್ಸೆಲ್ಸಿಯಿಂದ ಎಂಜಿನಿಯರಿಂಗ್‌ವರೆಗಿನ ಮೂಲ ಅಂಕಪಟ್ಟಿಗಳನ್ನೆಲ್ಲ ಒಂದು ನೀಲಿ ಫೈಲಿನಲ್ಲಿ ಹಾಕಿ ಒಪ್ಪಿಸಿದ್ದೆ. ಅವಧಿ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಅಷ್ಟರಲ್ಲಿ ಐಟಿಐ ಬೋಧಕರ ಹುದ್ದೆಗೆ ಬರೆದಿದ್ದ ಪರೀಕ್ಷೆಯ ಪಟ್ಟಿಯಲ್ಲಿ ನನ್ನ ನಂಬರು ಬಂತು. ಇಂಥ ಸೋಮವಾರ ಮೂಲ ದಾಖಲೆಗಳೊಂದಿಗೆ ಬೆಂಗಳೂರಿನಲ್ಲಿ ಹಾಜರಾಗಬೇಕು. ಜೆರಾಕ್ಸ್ ಪ್ರತಿ ನಡೆಯುವುದಿಲ್ಲ. ಪರೀಕ್ಷೆ ಬರೆದದ್ದನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ. ಯಜಮಾನರಿಗೆ ಹೇಳಲೇಬೇಕಾಯಿತು. ಅವರು ಸಿಟ್ಟಾಗಲಿಲ್ಲ. ಪತ್ರವನ್ನು ಎರಡು ಸಲ ಓದಿ ವಾಪಸು ಕೊಟ್ಟರು.

‘ನಾಳೆ ಮಾತಿಗೆ ಬರೋ ಆ ಜಾಲರಿ ಕೆಲಸ ಇದೆಯಲ್ಲಮ್ಮ, ಅವರು ಡೆಲಿವರಿ ಕೇಳ್ತಿರೋದು ಆ ಸೋಮವಾರದ ಹಿಂದಿನ ಶನಿವಾರವೇ. ಇಪ್ಪತ್ನಾಲ್ಕು ಪೀಸ್ ಸರಿಯಾಗಿ ಹೋಗಲಿ. ಫೈಲ್ ತಗೊಂಡು ಹೋಗಿ, ಬಾಂಡ್ ವಿಷಯ ನಾನು ಎತ್ತಲ್ಲ.’

ಇದು ನಡೆದದ್ದು ಸಭೆಯ ಹಿಂದಿನ ದಿನ. ಹಾಗಾಗಿ ಮರುದಿನ ‘ಆಗುತ್ತೆ’ ಎಂದವಳಿಗೆ ಬೇರೆ ಉತ್ತರ ಇರಲಿಲ್ಲ.

ಗಿರಾಕಿಯೇ ಕೊಟ್ಟ ತುಂಡುಗಳು ಇಪ್ಪತ್ತಾರು. ಎರಡು ಕೆಟ್ಟರೆ ಚಿಂತೆಯಿಲ್ಲ, ಮೂರನೆಯದಕ್ಕೆ ಬದಲಿ ಇಲ್ಲ. ಅಂಗೈಗಿಂತ ಸ್ವಲ್ಪ ಉದ್ದದ ತುಂಡು. ದಪ್ಪದಲ್ಲಿ ಮೂವತ್ತು ಮೈಕ್ರಾನ್ ಹೆಚ್ಚು ಕಡಿಮೆ ಆಗಬಹುದು, ಅಂದರೆ ತಲೆಗೂದಲಿನ ಅರ್ಧದಷ್ಟು; 0.57ಕ್ಕಿಂತ ಕೆಳಗೆ ಇಳಿಯುವಂತಿಲ್ಲ, 0.63 ದಾಟುವಂತಿಲ್ಲ.

ಇಂಥ ಕೆಲಸದಲ್ಲಿ ಕೊರೆಯುವುದು ಕಷ್ಟವಲ್ಲ, ಹಿಡಿಯುವುದು ಕಷ್ಟ. ವೈಸ್‌ನ ದವಡೆಯಲ್ಲಿ ಬಿಗಿದರೆ ತೆಳ್ಳಗಾಗುತ್ತಾ ಬಂದಂತೆ ತುಂಡು ನಡುವೆ ಉಬ್ಬುತ್ತದೆ. ಉಬ್ಬಿದ್ದನ್ನು ಕಟರ್ ಸಮ ಮಾಡುತ್ತದೆ. ಬಿಚ್ಚಿದ ಕೂಡಲೇ ಅದು ತನ್ನ ಆಕಾರಕ್ಕೆ ಮರಳಿ ಹಳ್ಳವಾಗುತ್ತದೆ. ನಮ್ಮ ಮೊದಲನೆಯ ತುಂಡು ಹೋದದ್ದು ಹೀಗೆ. ಅಂಚಿನಲ್ಲಿ ಕ್ಲ್ಯಾಂಪ್ ಹಾಕಿದರೆ ನಡುಭಾಗ ತಮಟೆಯಂತೆ ಅದುರುತ್ತದೆ. ಅದನ್ನು ಬೇರೆ ತಗಡಿನ ಮೇಲೆ ನೋಡಿ ಕೈಬಿಟ್ಟೆ. ಗಾಳಿ ಎಳೆದು ಹಿಡಿಯುವ ವ್ಯವಸ್ಥೆ ನಮ್ಮಲ್ಲಿಲ್ಲ, ಇದ್ದರೂ ಸೀಳು ಬಿದ್ದ ಕ್ಷಣ ಗಾಳಿ ಸೋರುತ್ತದೆ. ಉಳಿದದ್ದು ಅಂಟು.

ಎರಡೂ ಬದಿ ಅಂಟಿರುವ ಟೇಪಿನಿಂದ ಶುರು ಮಾಡಿದೆ. ಹಳೆಯ ತಗಡಿನ ಮೇಲೆ ಚೆನ್ನಾಗಿ ಬಂತು. ನಿಜವಾದ ತುಂಡು ಹಾಕಿದಾಗ ಐದನೆಯ ಸೀಳಿನ ಹೊತ್ತಿಗೆ, ಕಟರ್ ತಂಪಾಗಿರಲು ಬಿಡುವ ಕೂಲೆಂಟ್ ನೀರು ಟೇಪಿನ ಅಡಿಗೆ ಹೋಯಿತು. ಮೂಲೆ ಎದ್ದಿತು, ಕಟರ್ ಅದನ್ನು ಕಚ್ಚಿ ಎಸೆಯಿತು. ಮಷೀನಿನ ಬಾಗಿಲ ಗಾಜಿಗೆ ಬಡಿದ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು.

ಮಷೀನ್ ನಡೆಸುವ ಆಪರೇಟರ್ ಅಣ್ಣ ಕಬ್ಬಾಳಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಬಾಗಿಲು ತೆಗೆದು, ಮಡಚಿಹೋದ ಜಾಲರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

‘ಮೇಡಮ್ಮ, ಇದು ಕೆಲ್ಸ ಅಲ್ಲ ಕಣ್ರವ್ವ. ಇದು ಒಬ್ಬಟ್ಟು. ಹೆಂಚಿನಿಂದ ಎತ್ತೋಕೂ ಬರಲ್ಲ, ಬುಡೋಕೂ ಬರಲ್ಲ.’

‘ಇನ್ನು ಬದಲಿ ತುಂಡಿಲ್ಲ ಅಣ್ಣ.’

‘ಗೊತ್ತು. ಎಣಿಸ್ಕಂಡೇ ಇವ್ನಿ.’

ಆಗಲೇ ಒಂದು ವಾರ ಕಳೆದಿತ್ತು. ಇಪ್ಪತ್ನಾಲ್ಕು ಬೇಕು, ಇಪ್ಪತ್ನಾಲ್ಕೇ ಇದ್ದವು.

ನಾನು ಚನ್ನಪಟ್ಟಣದಲ್ಲಿ ಒಂದು ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಕೆಳಗೆ ಮನೆಯವರದೇ ಪಟ್ಟಡಿ, ಮರಗೆಲಸದ ಜಾಗ. ನಾನು ಖಾಲಾ ಎಂದು ಕರೆಯುತ್ತಿದ್ದ ಮನೆಯೊಡತಿ ಅಲ್ಲಿ ಲೇತಿನ ಮುಂದೆ ಕುಳಿತು ಮರದ ಆಟಿಕೆ, ಡಬ್ಬಿ ಕಡೆಯುತ್ತಿದ್ದರು. ಅವರ ಲೇತಿನ ಸದ್ದು ನಿಂತರೆ ಮಾತ್ರ ನನಗೆ ಗೊತ್ತಾಗುವಷ್ಟು ಅದು ಅಭ್ಯಾಸವಾಗಿತ್ತು. ಆ ಭಾನುವಾರ ನೀರು ಹಿಡಿಯಲು ಇಳಿದಾಗ ಅವರು ಸಣ್ಣ ಡಬ್ಬಿಯೊಂದರ ಮುಚ್ಚಳ ಕಡೆಯುತ್ತಿದ್ದರು. ಬಿಸ್ಕತ್ತಿನಷ್ಟು ತೆಳ್ಳಗಿನ ಮರದ ಬಿಲ್ಲೆ. ಅದಕ್ಕೆ ಮೊಳೆ ಇಲ್ಲ, ಹಿಡಿ ಇಲ್ಲ. ತಿರುಗುವ ಮರದ ಗುಂಡಿಯ ಮುಖಕ್ಕೆ ಅರಗಿನ ಕಡ್ಡಿ ಒತ್ತಿದರು; ಉಜ್ಜಿದ ಬಿಸಿಗೆ ಅರಗು ಕರಗಿ ಬಳಿದುಕೊಂಡಿತು. ಬಿಲ್ಲೆಯನ್ನು ಅದಕ್ಕೆ ಒತ್ತಿ ಹಿಡಿದು, ಲೇತು ನಿಲ್ಲಿಸಿ, ಬಾಯಲ್ಲಿ ಎರಡು ಸಲ ಊದಿದರು. ಅಷ್ಟೇ. ಕಡೆದು ಮುಗಿದ ಮೇಲೆ ಉಳಿಯ ಹಿಡಿಯಿಂದ ಅಂಚಿಗೆ ಒಂದು ಪೆಟ್ಟು ಕೊಟ್ಟರು. ಮುಚ್ಚಳ ಅವರ ಮಡಿಲಿಗೆ ಬಿತ್ತು.

ಹೆಚ್ಚುಕಡಿಮೆ ಎರಡು ವರ್ಷದಿಂದ ಆ ಸದ್ದಿನ ಮೇಲೆ ಮಲಗಿದವಳು, ಅಂಟಿಗಾಗಿ ಇಂಟರ್‌ನೆಟ್‌ನಲ್ಲಿ ಹುಡುಕುತ್ತಿದ್ದೆ.

‘ಖಾಲಾ, ಈ ಅರಗು ಲೋಹ ಹಿಡಿಯುತ್ತಾ?’

‘ಯಾಕೆ ಹಿಡಿಯಲ್ಲ? ನನ್ನ ಬೆರಳೇ ಹಿಡಿದಿದೆ, ನೋಡಿಲ್ಲಿ.’ ಬೆರಳ ತುದಿಯಲ್ಲಿದ್ದ ಹಳೆಯ ಸುಟ್ಟ ಕಲೆ ತೋರಿಸಿದರು. ‘ಹಿಡಿಯೋದು ದೊಡ್ಡ ಮಾತಲ್ಲ ಬೇಟಾ. ಬಿಡಿಸೋದು ಹೆಂಗೆ ಅಂತ ಮೊದಲು ನೋಡ್ಕೋ.’

ಆಗ ಅವರಲ್ಲಿದ್ದದ್ದು ಕೆಂಪು ಕಡ್ಡಿಗಳು ಮಾತ್ರ. ಬೇರೆ ಬಣ್ಣಗಳನ್ನು ಮುಂದಿನ ವಾರ ಮಾಡುವುದಿತ್ತು. ‘ಕೆಂಪಾದ್ರೆ ಏನು, ನಿನ್ನ ತಗಡಿಗೆ ಮದುವೆ ಇದೆಯಾ?’ ಎನ್ನುತ್ತಾ ಒಂದು ಹಿಡಿ ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಸೋಮವಾರ, ಮಂಗಳವಾರ ಹಳೆಯ ತಗಡಿನ ಮೇಲೆ ಪ್ರಯೋಗ ಮಾಡಿದೆ. ದಪ್ಪ ಅಲ್ಯೂಮಿನಿಯಂ ತಳತಟ್ಟೆಯನ್ನು ಟೀ ಕಾಯಿಸುವ ಇಂಡಕ್ಷನ್ ಒಲೆಯ ಹೆಂಚಿನ ಮೇಲಿಟ್ಟು, ನೀರ ಹನಿ ಚುರ್ರೆನ್ನುವಷ್ಟು ಬಿಸಿ ಮಾಡಿ, ಅರಗು ಬಳಿದು, ತಗಡನ್ನು ಇಟ್ಟು, ಮೇಲೆ ಕಬ್ಬಿಣದ ತೂಕ ಹೇರಿ ಆರಲು ಬಿಟ್ಟೆ. ಅರಗು ಒಂದು ಕಡೆ ದಪ್ಪ, ಒಂದು ಕಡೆ ತೆಳು ನಿಂತಿತು. ತಳತಟ್ಟೆಯಲ್ಲಿ ಅಡ್ಡ ಉದ್ದ ಸಣ್ಣ ಕಾಲುವೆಗಳನ್ನು ಕೊರೆಸಿದೆ; ಹೆಚ್ಚಾದ ಅರಗು ಅವುಗಳಿಗೆ ಇಳಿದು, ತಗಡು ಉಳಿದ ಏರುಭಾಗಗಳ ಮೇಲೆ ಸಮನಾಗಿ ಕುಳಿತಿತು. ನೀರಿಲ್ಲದೆ ಕೊರೆದಾಗ ಕಟರಿನ ಬಿಸಿಗೆ ಅರಗು ಮೆತ್ತಗಾಗಿ ತಗಡು ಜಾರಿತು. ಉಜ್ಜಿದ ಬಿಸಿಗೆ ಕರಗುವುದೇ ಅದರ ಗುಣ ಎಂಬುದನ್ನು ಭಾನುವಾರವಷ್ಟೇ ಕಣ್ಣಾರೆ ಕಂಡಿದ್ದೆ, ಆದರೂ ಒಂದು ತಗಡು ಕೆಟ್ಟ ಮೇಲೆಯೇ ನೆನಪಾಯಿತು. ಕೂಲೆಂಟ್ ಬಿಟ್ಟೆ. ಟೇಪಿನಂತೆ ಅರಗಿನ ಅಡಿಗೆ ನೀರು ನುಗ್ಗಲಿಲ್ಲ.

ಬಿಡಿಸುವುದು ಖಾಲಾ ಹೇಳಿದಂತೆ ಬೇರೆಯೇ ವಿದ್ಯೆ. ಮರದ ಮುಚ್ಚಳ ತಾಳಿದ ಪೆಟ್ಟನ್ನು ಜಾಲರಿ ತಾಳಲಿಲ್ಲ, ಮಡಚಿತು. ಬಿಸಿ ಮಾಡಿ ಎತ್ತಿದರೆ ಬಾಗಿತು. ಕೊನೆಗೆ ತಳತಟ್ಟೆಯ ಸಮೇತ ಸ್ಪಿರಿಟ್‌ನಲ್ಲಿ ಮುಳುಗಿಸಿಟ್ಟೆ. ಸೀಳುಗಳ ಮೂಲಕ ಸ್ಪಿರಿಟ್ ಇಳಿದು ಅರಗು ನಿಧಾನವಾಗಿ ಕರಗಿತು. ನಾಲ್ಕು ಗಂಟೆಯಲ್ಲಿ ಜಾಲರಿ ತಾನೇ ತೇಲಿದಂತೆ ಸಡಿಲವಾಯಿತು. ನಾಲ್ಕು ಮೂಲೆ ಅಳೆದೆ: 0.60, 0.60, 0.61, 0.60. ಮತ್ತೆ ಎರಡು ತಗಡು ಮಾಡಿದೆ. ಅವೂ ಹಾಗೇ.

ಬುಧವಾರ ಬೆಳಿಗ್ಗೆ ಮೊದಲ ನಾಲ್ಕು ನಿಜವಾದ ತುಂಡುಗಳನ್ನು ಅಂಟಿಸಿದೆವು. ಒಂದು ಸಲಕ್ಕೆ ನಾಲ್ಕರಂತೆ ಆರು ಸಲ; ಮೂರು ತಳತಟ್ಟೆ. ಲೆಕ್ಕದ ಪ್ರಕಾರ ಶುಕ್ರವಾರ ರಾತ್ರಿಯೊಳಗೆ ಮುಗಿಯಬೇಕು. ಸಂಜೆ ಸ್ಪಿರಿಟ್‌ನಿಂದ ತೆಗೆದ ಮೂರು ಜಾಲರಿ ಸರಿಯಾಗಿದ್ದವು. ನಾಲ್ಕನೆಯದರ ಒಂದು ಮೂಲೆ 0.55.

ಮೈಕ್ರೋಮೀಟರ್ ಒರೆಸಿ ಮತ್ತೆ ಅಳೆದೆ. 0.55. ಬೇರೆ ಮೈಕ್ರೋಮೀಟರ್ ತರಿಸಿದೆ. ಅದೇ.

ಮೂಲೆ ತೆಳ್ಳಗಾಗಿದೆ ಎಂದರೆ ತುಂಡು ಅಲ್ಲಿ ಮೇಲೆದ್ದು ಕುಳಿತಿತ್ತು ಎಂದರ್ಥ. ಅಡಿಯಲ್ಲಿ ಐವತ್ತು ಮೈಕ್ರಾನಿನಷ್ಟು ಏನೋ ಇತ್ತು. ಅರಗು ಕಾಲುವೆಗೆ ಇಳಿಯದೆ ಅಲ್ಲೇ ನಿಂತಿರಬೇಕು ಎಂದುಕೊಂಡೆ. ಗುರುವಾರ ಬೆಳಿಗ್ಗೆ ಮತ್ತೆ ಹಳೆಯ ತಗಡು, ಮತ್ತೆ ಪ್ರಯೋಗ. ಬಿಸಿ ಹೆಚ್ಚಿಸಿ ನೋಡಿದೆ, ಕಡಿಮೆ ಮಾಡಿ ನೋಡಿದೆ, ತೂಕ ಬದಲಿಸಿದೆ. ಎಲ್ಲವೂ 0.60. ಪ್ರಯೋಗದಲ್ಲಿ ಬರುವ ತಪ್ಪಾದರೆ ಹುಡುಕಬಹುದು. ಇದು ಪ್ರಯೋಗದಲ್ಲಿ ಬರುತ್ತಲೇ ಇರಲಿಲ್ಲ. ಅಷ್ಟರಲ್ಲಿ ಎರಡನೆಯ ನಾಲ್ಕು ತುಂಡುಗಳು ಅಂಟಿ ಸಿದ್ಧವಾಗಿ ಮಷೀನಿನ ಪಕ್ಕದಲ್ಲಿದ್ದವು. ಕೊರೆಯಲು ಧೈರ್ಯವಿಲ್ಲ, ಬಿಟ್ಟರೆ ಹೊತ್ತು ಹೋಗುತ್ತದೆ. ಮಧ್ಯಾಹ್ನದವರೆಗೆ ನಾನು ಅವುಗಳ ಸುತ್ತ ತಿರುಗಿದೆ. ಊಟದ ಡಬ್ಬಿ ತೆರೆಯಲಿಲ್ಲ. ಯಜಮಾನರ ಕೋಣೆಯ ಗಾಜಿನಿಂದ ಬೀರುವಿನ ಒಂದು ಬಾಗಿಲು ಕಾಣುತ್ತಿತ್ತು. ಅದಕ್ಕೆ ಬೆನ್ನು ಹಾಕಿ ನಿಲ್ಲಲು ಜಾಗ ಹುಡುಕಿಕೊಂಡೆ.

ಯಜಮಾನರು ಬಂದರು. ‘ಮಷೀನ್ ಯಾಕೆ ನಿಂತಿದೆ?’

‘ಕಾರಣ ಗೊತ್ತಾಗಿಲ್ಲ ಸರ್.’

‘ನಾಲ್ಕರಲ್ಲಿ ಮೂರು ಸರಿ ಬಂದಿದೆಯಲ್ಲ. ಓಡಿಸಿ. ಬಂದಷ್ಟು ಬರಲಿ.’

ನಾಲ್ಕರಲ್ಲಿ ಮೂರು ಎಂದರೆ ಇಪ್ಪತ್ನಾಲ್ಕರಲ್ಲಿ ಹದಿನೆಂಟು. ‘ಅಂಟಿಸಿದ್ದನ್ನು ಬಿಚ್ಚಿ ನೋಡ್ತೀನಿ ಸರ್’ ಎಂದೆ.

‘ಕೊರೆಯದೇ ಬಿಚ್ಚೋದಾ? ಅರ್ಧ ದಿನ ಹೋಗುತ್ತೆ.’

‘ಹೌದು ಸರ್.’

ಅವರು ಗಡಿಯಾರ ನೋಡಿದರು. ‘ಶನಿವಾರ ನಿಮ್ಮದೇ. ನೆನಪಿರಲಿ’ ಎಂದು ಹೋದರು.

ಸೀಳು ಬೀಳದ ತುಂಡು ಇನ್ನೂ ಗಟ್ಟಿ, ಬಿಸಿಗೆ ಬಾಗುವುದಿಲ್ಲ. ತಳತಟ್ಟೆಯನ್ನು ಒಲೆಯ ಮೇಲಿಟ್ಟು ಅರಗು ಮೆತ್ತಗಾದ ಮೇಲೆ ಒಂದೊಂದನ್ನೂ ಜಾರಿಸದೆ ನೇರವಾಗಿ ಎತ್ತಿದೆ. ಅಡಿಯಲ್ಲೆಲ್ಲ ಕೆಂಪು. ಬಟ್ಟೆಗೆ ಸ್ಪಿರಿಟ್ ಹಾಕಿ ತಳತಟ್ಟೆಯನ್ನು ಒರೆಸುತ್ತಾ ಬಂದೆ. ಅರಗು ಬಟ್ಟೆಗೆ ಬಂತು, ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯಿತು. ಒಂದು ಮೂಲೆಯಲ್ಲಿ ಮಾತ್ರ ಬಟ್ಟೆ ತಡೆಯಿತು. ಬೆರಳ ತುದಿಯಷ್ಟು ಅಗಲದ ಗುಂಡಗಿನ ಗುರುತು, ಉಗುರಿಗೆ ತರಿತರಿಯಾಗಿ ಸಿಗುತ್ತಿತ್ತು. ಅರಗು ಸ್ಪಿರಿಟ್‌ಗೆ ಕರಗುತ್ತದೆ. ಇದು ಕರಗಿರಲಿಲ್ಲ. ಕೆಂಪು ಮಾತ್ರ ಅದೇ ಕೆಂಪು.

ಮೂಸಿ ನೋಡಿದೆ. ಸ್ಪಿರಿಟ್ ವಾಸನೆಯ ಹಿಂದೆ ಪರಿಚಿತವಾದ ಇನ್ನೊಂದು ವಾಸನೆ ಇತ್ತು.

‘ಅಣ್ಣ, ಒಸಿ ಬನ್ನಿ ಇಲ್ಲಿ’ ಎಂದೆ. ಅವರ ಮಾತಿನ ಆ ‘ಒಸಿ’ ನನ್ನ ಬಾಯಿಗೆ ಬಂದದ್ದು ಅದೇ ಮೊದಲು.

ಅವರು ಬಂದು ತಳತಟ್ಟೆ ನೋಡಿದರು. ನಾನು ಕೇಳುವ ಮೊದಲೇ ಅವರ ಕೈ ಟೂಲ್ ಬಾಕ್ಸ್ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಅಲ್ಲಿ ಒಂದು ಚಿಕ್ಕ ತಗಡಿನ ಡಬ್ಬಿ ಇತ್ತು.

‘ಅಮ್ಮನ ಕುಂಕುಮ’ ಎಂದರು. ಅವರ ಊರಿನ ಕಬ್ಬಾಳಮ್ಮನ ಗುಡಿಯದು. ‘ಹೊಸ ಫಿಕ್ಸ್‌ಚರ್ ಅಲ್ವಾ. ಕೆಲ್ಸಕ್ಕೆ ಹಚ್ಚೋ ಮುಂಚೆ ಒಂದು ಬೊಟ್ಟು ಇಡ್ತೀನಿ, ಯಾವಾಗ್ಲೂ. ಎಲ್ಡು ಪೀಸು ಹೋಗ್ಬುಟ್ಟಿದ್ವಲ್ಲ, ನಿಮ್ಮ ಮುಖ ನೋಡಕ್ಕಾಗ್ತಿರಲಿಲ್ಲ.’

‘ಟ್ರಯಲ್‌ಗೆ ಇಟ್ಟಿರಲಿಲ್ವಾ?’

‘ಟ್ರಯಲ್‌ಗೆ ಯಾರಿಡ್ತಾರೆ ಮೇಡಮ್ಮ.’

ಪ್ರಯೋಗಗಳೆಲ್ಲ ಸರಿ ಬಂದು ನಿಜವಾದದ್ದು ಮಾತ್ರ ಕೆಟ್ಟದ್ದು ಏಕೆಂದು ಆಗ ತಿಳಿಯಿತು. ನಾನು ಒಲೆಯ ಕಡೆ ತಿರುಗಿದಾಗ ತಣ್ಣಗಿನ ತಳತಟ್ಟೆಯ ಮೂಲೆಗೆ ಬೊಟ್ಟು ಬಿದ್ದಿತ್ತು; ಮೇಲೆ ಬಳಿದ ಅರಗೂ ಕೆಂಪಾದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಳದಿ ಅರಗಾಗಿದ್ದರೆ ಮೊದಲ ಸಲವೇ ಕಾಣುತ್ತಿತ್ತು. ಅಂಟಿಸುವ ಮುನ್ನ ತಳತಟ್ಟೆಯನ್ನು ಒರೆಸಿ ನೋಡಬೇಕಾದ್ದು ನನ್ನ ಕೆಲಸ. ನಾನು ನೋಡಿರಲಿಲ್ಲ.

ಅಣ್ಣ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. ‘ಸಾಹೇಬ್ರಿಗೆ ನಾನೇ ಹೇಳ್ತೀನಿ.’

‘ಬೇಡ. ಮೊದಲು ಅಂಟಿಸೋಣ.’

ಗುರುವಾರ ಸಂಜೆಯಿಂದ ಶನಿವಾರ ಬೆಳಿಗ್ಗೆವರೆಗೆ ಕೆಲಸ ಎಡೆಬಿಡದೆ ನಡೆಯಿತು. ಬಿಸಿ ಮಾಡು, ಬಳಿ, ಇಡು, ತೂಕ ಹೇರು, ಆರಿಸು, ಕೊರೆ, ಮುಳುಗಿಸು, ಅಳೆ. ಪ್ರತಿಸಲ ನಾನೇ ತಳತಟ್ಟೆ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಅಣ್ಣ ಶಿಫ್ಟ್ ಮುಗಿದ ಮೇಲೂ ಹೋಗಲಿಲ್ಲ. ಉಳಿದ ಇಪ್ಪತ್ತೂ ಸರಿಯಾಗಿ ಬಂದವು.

ಇಪ್ಪತ್ಮೂರು ಒಳ್ಳೆಯವು, ಒಂದು ಕೆಟ್ಟದ್ದು.

ವರದಿಯಲ್ಲಿ ಪ್ರತಿ ಜಾಲರಿಗೂ ನಾಲ್ಕು ಮೂಲೆಯ ಅಳತೆ ಬರೆಯಬೇಕು, ಕೆಳಗೆ ನನ್ನ ಸಹಿ. ಶನಿವಾರ ಹನ್ನೊಂದು ಗಂಟೆಗೆ ಯಜಮಾನರು ಹಾಳೆ ನೋಡಿ ಪೆನ್ನಿನಿಂದ ಆ ಒಂದು ಅಂಕಿಯನ್ನು ತಟ್ಟಿದರು.

‘ಇದನ್ನ 0.57 ಮಾಡಿ. ಪೀಸ್ ನಡುವೆ ಎಲ್ಲಾದರೂ ಇಡಿ. ಅವರು ಅಳೆಯೋದು ಮೇಲಿನ ನಾಲ್ಕೈದು.’

ಫೈಲು ಅವರ ಮೇಜಿನ ಮೇಲೆಯೇ ಇತ್ತು. ಬೀರುವಿನಿಂದ ಆಗಲೇ ತೆಗೆದಿಟ್ಟಿದ್ದರು. ನೀಲಿ ಬಣ್ಣ ಒಂದು ಕಡೆ ಮಾಸಿತ್ತು. ಸೇರಿದ ದಿನದಿಂದ ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಂದು ಅಂಕಿ ತಿದ್ದಿದರೆ ಅದು ನನ್ನ ಕೈಗೆ ಬರುತ್ತಿತ್ತು. ಆ ಅಂಕಿಗೆ ಬೇಕಾದದ್ದು ಐದನ್ನು ಏಳು ಮಾಡುವಷ್ಟು ಶಾಯಿ. ಧೈರ್ಯ ಎಂದು ಅದನ್ನು ಕರೆಯಲಾರೆ. ಐದರ ಮೇಲೆ ಏಳು ಬರೆಯಲು ಕೈ ಮುಂದೆ ಹೋಗಲಿಲ್ಲ, ಅಷ್ಟೇ.

‘ಸರ್, ಅದು 0.55 ಇದೆ. ಹಾಗೇ ಕಳಿಸ್ತೀನಿ.’

ಆ ಜಾಲರಿಗೆ ಬೇರೆ ಚೀಟಿ ಅಂಟಿಸಿ ಎಲ್ಲಕ್ಕಿಂತ ಮೇಲಿಟ್ಟೆ. ಕಾರಣದ ಕಾಲಂನಲ್ಲಿ ‘ಅಂಟಿಸುವ ಮುನ್ನ ತಳತಟ್ಟೆಯ ಮೇಲೆ ಕಣ ಉಳಿದಿತ್ತು, ಪರೀಕ್ಷಿಸಿರಲಿಲ್ಲ’ ಎಂದು ಬರೆದೆ. ಯಾರ ಕಣ ಎಂದು ಬರೆಯಲು ಕಾಲಂ ಇರಲಿಲ್ಲ.

ಗಿರಾಕಿಯ ಗುಣಮಟ್ಟದ ಅಧಿಕಾರಿ ಮಧ್ಯಾಹ್ನ ಬಂದರು. ಚೀಟಿ ಓದಿದರು, ಮೂಲೆ ಅಳೆದರು. ನಂತರ ಇಪ್ಪತ್ಮೂರನ್ನೂ ಒಂದೊಂದಾಗಿ ಅಳೆದರು, ನಾಲ್ಕೈದಲ್ಲ. ‘ಈ ಒಂದನ್ನ ನಮ್ಮ ಟೆಸ್ಟಿಂಗ್‌ಗೆ ಇಟ್ಕೋತೀವಿ’ ಎಂದು ಬರೆದು ಸಹಿ ಮಾಡಿ, ‘ಇನ್ನೊಂದು ಸೆಟ್ ಬೇಕಾಗುತ್ತೆ’ ಎಂದು ಯಜಮಾನರಿಗೆ ಹೇಳಿ ಹೋದರು.

ಯಜಮಾನರು ಕುರ್ಚಿಯಲ್ಲಿ ಒರಗಿದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

‘ಇಪ್ಪತ್ನಾಲ್ಕು ಅಂದಿದ್ದೆ. ಇಪ್ಪತ್ಮೂರು ಬಂತು. ಇನ್ನೊಂದು ಸೆಟ್ ಯಾರು ಮಾಡ್ತಾರೆ? ಸೋಮವಾರ ತೋರಿಸ್ಕೊಂಡು ಬನ್ನಿ. ಮಂಗಳವಾರ ಫೈಲ್ ಇಲ್ಲಿರಬೇಕು. ಮೂರು ತಿಂಗಳು ಮುಗಿಸಿ ಹೋಗಿ.’ ಫೈಲನ್ನು ನನ್ನ ಕಡೆ ಸರಿಸುತ್ತಾ, ‘ನೀವು ವಾಪಸ್ ಬರ್ತೀರಿ ಅನ್ನೋದಕ್ಕೆ ಯಾರು ಗ್ಯಾರಂಟಿ?’ ಎಂದರು.

ಬಾಗಿಲಲ್ಲಿ ನಿಂತಿದ್ದ ಆಪರೇಟರ್ ಅಣ್ಣ ಕೈ ಒರೆಸಿಕೊಳ್ಳುತ್ತಾ, ‘ಗ್ಯಾರಂಟಿಗೆ ನಾನ್ ಇವ್ನಲ್ಲಾ ಸಾ’ ಎಂದರು.

ಸೋಮವಾರ ಬೆಂಗಳೂರಿನಲ್ಲಿ ಮೂರು ಗಂಟೆ ಕಾದೆ. ಅಧಿಕಾರಿಯೊಬ್ಬರು ಪ್ರತಿ ಅಂಕಪಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡಿ, ಟಿಕ್ ಹಾಕಿ, ವಾಪಸು ಕೊಟ್ಟರು. ಅಂತಿಮ ಪಟ್ಟಿ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಸಂಜೆಯ ರೈಲಿನಲ್ಲಿ ಫೈಲನ್ನು ಎದೆಗೆ ಒತ್ತಿ ಹಿಡಿದು ಬಂದೆ. ರಾಮನಗರ ದಾಟಿತು, ಚನ್ನಪಟ್ಟಣ ಬಂತು. ಆ ರಾತ್ರಿ ಅದು ನನ್ನ ದಿಂಬಿನ ಪಕ್ಕದಲ್ಲಿತ್ತು. ಮರುದಿನ ಹೋಗದೇ ಇದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿದೆ. ನನಗೆ ಏನೂ ಆಗುತ್ತಿರಲಿಲ್ಲ.

ಮಂಗಳವಾರ ಎಂಟೂವರೆಗೆ ಫೈಲನ್ನು ಯಜಮಾನರ ಮೇಜಿನ ಮೇಲಿಟ್ಟೆ. ಅವರು ತೆರೆದು ಎಣಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮಷೀನಿನ ಹತ್ತಿರ ಅಣ್ಣ ಹೊಸ ತಳತಟ್ಟೆಯನ್ನು ಒರೆಸುತ್ತಿದ್ದರು. ನನ್ನನ್ನು ನೋಡಿ ಅವರ ಕೈ ನಿಂತಿತು.

‘ಬಂದ್ಬುಟ್ರಾ.’

‘ನೀವು ಗ್ಯಾರಂಟಿ ಕೊಟ್ಟಿದ್ರಲ್ಲ ಅಣ್ಣ.’

‘ಕೊಟ್ಟಿದ್ದೆ.’ ಅವರು ಬಟ್ಟೆ ಮಡಚಿದರು. ‘ಭಾನುವಾರ ಗುಡಿಗೆ ಹೋಗಿದ್ದೆ. ಆ ಹೆಣ್ಮಗ ವಾಪಸ್ ಬರ್ದೇ ಇರ್ಲಿ ತಾಯಿ, ನನ್ನ ಪಾಡು ನಾನು ನೋಡ್ಕತೀನಿ ಅಂತ ಕೇಳ್ಕಂಡಿದ್ದೆ.’

ಒಲೆ ಹಚ್ಚಿದೆ. ಖಾಲಾ ಕೊಟ್ಟಿದ್ದ ಹೊಸ ಕಡ್ಡಿಗಳನ್ನು ಕಾಗದದಿಂದ ಬಿಚ್ಚಿದೆ; ಈ ಸಲ ಹಳದಿ. ಅಣ್ಣ ಜೇಬಿನಿಂದ ತಗಡಿನ ಡಬ್ಬಿ ತೆಗೆದು ನನ್ನ ಕಡೆ ನೋಡಿದರು. ನಾನು ತಳತಟ್ಟೆಯನ್ನು ಎತ್ತಿ, ಅದರ ದಪ್ಪ ಅಂಚು ಅವರ ಕಡೆ ಬರುವಂತೆ ಹಿಡಿದೆ. ಅಲ್ಲಿ ಏನೂ ಅಂಟಿಸುವುದಿಲ್ಲ, ಏನೂ ಅಳೆಯುವುದಿಲ್ಲ. ಅವರು ಅಲ್ಲಿ ಒಂದು ಬೊಟ್ಟು ಇಟ್ಟರು.